ಊಟಕ್ಕೆ ಕರೆದರೆ ಸೇವಂತಿಗೆ ಒಯ್ದವನು

ಬಹಳ ದಿನಗಳಿಂದ ಬರೀಬೇಕು ಅಂದುಕೊಂಡು ಮುಂದೂಡುತ್ತಲೇ ಬಂದ ವಿಷಯ ಇದು. ಸ್ವಲ್ಪ ಉದ್ದವಾಗುತ್ತೆ. ಕಾಫಿ ತಂದಿಟ್ಕೊಂಡು ಕೂತ್ಕೊಳ್ಳಿ.

2023ರ ಅಕ್ಟೋಬರ್ ಕೊನೆಯ ವಾರ. ಆಫೀಸಿನವರು ಆನ್‌ಸೈಟ್ ಅಂತ ದಕ್ಷಿಣ ಫ್ರಾನ್ಸಿನ ತುಲೂಸ್ ಊರಿಗೆ ಕಳಿಸಿ ಆರು ವಾರ ಆಗಿತ್ತು. ಹಿಂದಿನ ಸೋಮವಾರವಷ್ಟೇ ಆಯುಧಪೂಜೆ ಮುಗಿದಿತ್ತು. ಬೆಂಗಳೂರಿನ ಗೆಳೆಯರು ಮಾನಿಟರಿಗೂ ಕೀಬೋರ್ಡಿಗೂ ಹೂ ಮುಡಿಸಿ, ಕುಂಬಳಕಾಯಿ ಒಡೆದು, ಫೋಟೋ ಕಳಿಸಿ ಹೊಟ್ಟೆ ಉರಿಸಿದ್ದರು. ಅಂಥ ಹೊತ್ತಲ್ಲಿ ಟೀಮಿನ ಫ್ರೆಂಚ್ ಗೆಳೆಯನೊಬ್ಬ "ಶನಿವಾರ ರಾತ್ರಿ ಅಮ್ಮನ ಮನೆಗೆ ಊಟಕ್ಕೆ ಬಾ" ಅಂತ ಕರೆದ. ಬರಿಗೈಲಿ ಹೋಗಬಾರದು ಅನ್ನೋದು ನಮ್ಮಲ್ಲೂ ಇರೋದೇ ತಾನೆ? ಏನು ಒಯ್ಯೋದು ಅಂತ ಯೋಚಿಸ್ತಾ ಸೂಪರ್ ಮಾರ್ಕೆಟ್ಟಿಗೆ ಹೋದರೆ ಬಾಗಿಲಲ್ಲೇ ಕಣ್ಣು ತಂಪಾಯ್ತು. ಸೇವಂತಿಗೆ! ಒಂದೆರಡಲ್ಲ, ನೂರಾರು ಕುಂಡ. ಹಳದಿ, ಬಿಳಿ, ನೇರಳೆ, ಇಟ್ಟಿಗೆ ಕೆಂಪು. ಗಿಡವನ್ನು ದುಂಡಗೆ ಚೆಂಡಿನ ಥರ ಬೆಳೆಸಿದ್ದರು, ಎಲೆ ಕಾಣದಷ್ಟು ಹೂವು. ಇವರಿಗೂ ದಸರಾ ಇದೆಯಾ ಅಂತ ಖುಷಿಯಾಗಿ, ಇದ್ದುದರಲ್ಲಿ ದೊಡ್ಡ ಹಳದಿ ಕುಂಡವನ್ನೇ ಆರಿಸಿ ಎತ್ಕೊಂಡೆ.

ಮೆಟ್ರೋದಲ್ಲಿ ಎದುರು ಕೂತ ಮುದುಕಿಯೊಬ್ಬರು ನನ್ನ ತೊಡೆಯ ಮೇಲಿದ್ದ ಕುಂಡ ನೋಡಿ, ನನ್ನ ಮುಖ ನೋಡಿ, ತುಂಬ ಮೃದುವಾಗಿ ತಲೆ ಆಡಿಸಿದರು. ಎಷ್ಟು ಒಳ್ಳೆ ಜನ ಅಂದುಕೊಂಡೆ!

ಬಾಗಿಲು ತೆಗೆದದ್ದು ಗೆಳೆಯನ ತಾಯಿ. ಎಪ್ಪತ್ತರ ಹತ್ತಿರದ ಹೆಂಗಸು. ನಗುಮುಖ ಹೊತ್ತು ಬಂದವರು ಕುಂಡ ನೋಡಿದ್ದೇ ಒಂದು ಕ್ಷಣ ನಿಂತುಬಿಟ್ಟರು. ಹಿಂದಿನಿಂದ ಬಂದ ಗೆಳೆಯ ಮೊದಲು ಬಾಯಿಗೆ ಕೈ ಅಡ್ಡ ಇಟ್ಟ, ಆಮೇಲೆ ತಡೆಯಲಾರದೆ ನಕ್ಕ, ಅಮ್ಮನ ಮುಖ ನೋಡಿ ನಗು ನುಂಗಿದ. ಆಮೇಲೆ ಇಂಗ್ಲಿಷಿನಲ್ಲಿ ನನಗೆ ತಿಳಿಸಿ ಹೇಳಿದ: ನಮ್ಮಲ್ಲಿ ಈ ಹೂವನ್ನು ಬದುಕಿರುವವರಿಗೆ ಕೊಡೋದಿಲ್ಲ. ಇದು ಸಮಾಧಿಗೆ ಇಡುವ ಹೂವು. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯ್ತು.

ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ನಮ್ಮೂರಲ್ಲಿ ಇದು ಲಕ್ಷ್ಮಿಗೆ ಇಡುವ ಹೂವು, ಮದುವೆಗೆ, ಹಬ್ಬಕ್ಕೆ, ಬಸ್ಸಿನ ಮುಂದೆ ಕಟ್ಟೋಕೆ ಅಂತ ತಡವರಿಸುತ್ತ ಹೇಳಿದೆ. ಆ ತಾಯಿ ಮಗನ ಬಾಯಿಂದ ಅದನ್ನೆಲ್ಲ ಕೇಳಿಸಿಕೊಂಡು, ಕುಂಡವನ್ನು ನನ್ನ ಕೈಯಿಂದ ತಗೊಂಡರು. ಒಳಗೆ ಇಡಲಿಲ್ಲ, ಬಾಲ್ಕನಿಯಲ್ಲಿಟ್ಟರು. ಊಟದ ನಡುವೆ ಎಲ್ಲೋ ಇದ್ದಕ್ಕಿದ್ದಂತೆ ಹೇಳಿದರು: "ಬುಧವಾರ ಅವರ ಹತ್ತಿರ ಹೋಗ್ತೀವಿ. ನೀನು ತಂದ ಹೂವನ್ನೇ ಒಯ್ಯೋಣ. ನೀನೂ ಬಾ."

ಆ ರಾತ್ರಿ ರೂಮಿಗೆ ಬಂದು ಮಲಗಲಿಲ್ಲ. ಒಂದೇ ಹೂವು ಒಂದು ಊರಲ್ಲಿ ಮುತ್ತೈದೆಯ ತಲೆಯಲ್ಲಿ, ಇನ್ನೊಂದು ಊರಲ್ಲಿ ಗೋರಿಯ ಮೇಲೆ, ಇದು ಹೇಗೆ ಅಂತ ಹುಡುಕುತ್ತ ಕೂತೆ. ಆಮೇಲೆಯೂ ಆಗಾಗ ಓದುತ್ತಲೇ ಬಂದೆ. ಸಿಕ್ಕಿದ್ದನ್ನು ಇಲ್ಲಿ ಹೇಳ್ತೀನಿ. ನಾನು ಇತಿಹಾಸ ಓದಿದವನಲ್ಲ, ಇಂಜಿನಿಯರಿಂಗ್ ಓದಿ ಕೋಡ್ ಬರೆಯೋನು. ಆದರೆ ಬಗ್ ಎಲ್ಲಿ ಹುಟ್ಟಿತು ಅಂತ ಹಿಂದೆ ಹಿಂದೆ ಹೋಗಿ ಹುಡುಕೋ ಚಟ ಮಾತ್ರ ಇದೆ :-)

* * *

ಹೆಣಕ್ಕೆ ಹೂ ಯಾಕೆ ಅಂದರೆ ಬುದ್ಧಿವಂತರು ತಕ್ಷಣ ಹೇಳೋ ಉತ್ತರ "ವಾಸನೆ ಮುಚ್ಚೋಕೆ". ಇರಬಹುದು. ಆದರೆ ಹೂಳಿದ ಮೇಲೂ ವರ್ಷ ವರ್ಷ ಹೋಗಿ ಯಾಕೆ ಇಡ್ತಾರೆ? ಆ ಉತ್ತರ ಅಲ್ಲಿಗೆ ಸಾಲುವುದಿಲ್ಲ.

ಬಹಳ ಹಳೆಯ ಸಾಕ್ಷಿ ಅಂತ ಒಂದು ಕಾಲಕ್ಕೆ ಎಲ್ಲರೂ ತೋರಿಸುತ್ತಿದ್ದದ್ದು ಇರಾಕಿನ ಶಾನಿದಾರ್ ಗುಹೆಯನ್ನು. 1960ರಲ್ಲಿ ರಾಲ್ಫ್ ಸೊಲೆಕಿ ಅನ್ನುವ ಪುರಾತತ್ವಜ್ಞರ ತಂಡಕ್ಕೆ ಅಲ್ಲಿ ಒಬ್ಬ ನಿಯಾಂಡರ್ತಾಲ್ ಮನುಷ್ಯನ ಅಸ್ಥಿ ಸಿಕ್ಕಿತು. ಸುತ್ತಲಿನ ಮಣ್ಣಿನಲ್ಲಿ ಹೂವಿನ ಪರಾಗ ಗುಂಪು ಗುಂಪಾಗಿ ಇತ್ತು. ಮಣ್ಣು ಪರೀಕ್ಷಿಸಿದ ಅರ್ಲೆಟ್ ಲೆರ್ವಾ-ಗೂರಾನ್, ಹೆಣವನ್ನು ಹೂವಿನ ಮೇಲೆ ಮಲಗಿಸಿದ್ದಾರೆ ಅಂದರು. ನಮ್ಮ ಜಾತಿಯೇ ಅಲ್ಲದ ಮನುಷ್ಯರು ಸತ್ತವರಿಗೆ ಹೂ ಇಟ್ಟಿದ್ದರು ಅಂದರೆ ಎಂಥ ಚೆಂದದ ಕಥೆ! ಸೊಲೆಕಿ ಅದರ ಮೇಲೆ ಪುಸ್ತಕವನ್ನೇ ಬರೆದರು. ಆದರೆ 1999ರಲ್ಲಿ ಜೆಫ್ರಿ ಸೋಮರ್ ಅನ್ನುವವರು, ಆ ಹೂ ತಂದಿಟ್ಟಿದ್ದು ಬಿಲ ತೋಡುವ ಇಲಿಯಂಥ ಪ್ರಾಣಿ ಇರಬಹುದು ಅಂದರು. 2023ರಲ್ಲಿ ಬಂದ ಇನ್ನೊಂದು ಸಂಶೋಧನೆ, ನೆಲದಲ್ಲಿ ಗೂಡು ಕಟ್ಟುವ ಜೇನಿನ ಕೆಲಸ ಅದು ಅಂದಿತು. ಬೇರೆ ಬೇರೆ ಕಾಲದಲ್ಲಿ ಅರಳುವ ಹೂಗಳ ಪರಾಗ ಒಟ್ಟಿಗೇ ಸಿಕ್ಕಿತ್ತಂತೆ. ನನಗೆ ಸ್ವಲ್ಪ ಬೇಜಾರೇ ಆಯ್ತು.

ಅಷ್ಟೇನೂ ಬೇಜಾರು ಪಡಬೇಕಿಲ್ಲ. ಇಸ್ರೇಲಿನ ಕಾರ್ಮೆಲ್ ಬೆಟ್ಟದ ರಾಕೆಫೆತ್ ಗುಹೆಯ ಗೋರಿಗಳ ಬಗ್ಗೆ 2013ರಲ್ಲಿ ವರದಿ ಬಂತು. ಅಲ್ಲಿ ಗುಂಡಿಗೆ ಮೆತ್ತಿದ ಹಸಿ ಮಣ್ಣಿನಲ್ಲಿ ಹೂಗಳ, ಕಾಂಡಗಳ ಅಚ್ಚೇ ಬಿದ್ದಿದೆ. ಹನ್ನೆರಡು, ಹದಿಮೂರು ಸಾವಿರ ವರ್ಷಗಳ ಹಿಂದಿನದು. ಅದು ಇಲಿಯ ಕೆಲಸವಲ್ಲ.

ಈಜಿಪ್ಟಿನ ತುತಾಂಖಾಮನ್ ಕಥೆ ನಿಮಗೆ ಗೊತ್ತಿರುತ್ತೆ. 1922ರಲ್ಲಿ ಹೊವಾರ್ಡ್ ಕಾರ್ಟರ್ ಕಂಡುಹಿಡಿದ ಗೋರಿ. ಅಷ್ಟೊಂದು ಬಂಗಾರದ ನಡುವೆ ಹೂವಿನ ಮಾಲೆಗಳೂ ಇದ್ದವು, ಮೂರು ಸಾವಿರಕ್ಕೂ ಹೆಚ್ಚು ವರ್ಷ ಒಣಗಿಕೊಂಡು. ಸಸ್ಯಶಾಸ್ತ್ರಜ್ಞರು ಆ ಹೂ-ಹಣ್ಣುಗಳು ಯಾವ ತಿಂಗಳಲ್ಲಿ ಬಿಡುತ್ತವೆ ಅಂತ ನೋಡಿ, ರಾಜನನ್ನು ಹೂಳಿದ್ದು ಮಾರ್ಚ್ ಮಧ್ಯದಿಂದ ಏಪ್ರಿಲ್ ಕೊನೆಯೊಳಗೆ ಅಂತ ಲೆಕ್ಕ ಹಾಕಿದರು. ಬಂಗಾರ ತಾರೀಖು ಹೇಳಲಿಲ್ಲ, ಹೂ ಹೇಳಿತು. ನಮ್ಮ ಭಾಷೆಯಲ್ಲಿ ಟೈಮ್‌ಸ್ಟ್ಯಾಂಪ್! ಈ ಮಾತನ್ನು ನೆನಪಿಟ್ಕೊಳ್ಳಿ, ಸೇವಂತಿಗೆಯ ಗುಟ್ಟೂ ಇಲ್ಲೇ ಇದೆ.

* * *

ಸೇವಂತಿಗೆ ಮೂಲತಃ ಚೀನಾದ್ದು. ಅಲ್ಲಿ ಅದು ಸಾವಿನ ಹೂವಲ್ಲ, ಸರಿಯಾಗಿ ಅದರ ವಿರುದ್ಧ. ಆಯುಷ್ಯದ ಹೂವು. ಚಾಂದ್ರಮಾನದ ಒಂಬತ್ತನೇ ತಿಂಗಳ ಒಂಬತ್ತನೇ ದಿನ ಅವರಿಗೆ ಒಂದು ಹಬ್ಬ. ಚೀನೀ ಭಾಷೆಯಲ್ಲಿ 'ಒಂಬತ್ತು' ಮತ್ತು 'ಬಹುಕಾಲ' ಎರಡಕ್ಕೂ ಒಂದೇ ಉಚ್ಚಾರ. ಆ ದಿನ ಬೆಟ್ಟ ಹತ್ತಿ, ಸೇವಂತಿಗೆ ಹಾಕಿದ ಮದ್ಯ ಕುಡಿದರೆ ಆಯುಷ್ಯ ಹೆಚ್ಚುತ್ತೆ ಅಂತ ನಂಬಿಕೆ. ನಾಲ್ಕನೇ ಶತಮಾನದ ಕವಿ ತಾವ್ ಯುವಾನ್‌ಮಿಂಗ್ ಸರ್ಕಾರಿ ನೌಕರಿ ಬಿಟ್ಟು ಹಳ್ಳಿಗೆ ಹೋಗಿ ತೋಟ ಮಾಡ್ಕೊಂಡಿದ್ದವನು. ಅವನ ಹೆಸರಿನ ಜೊತೆ ಸೇವಂತಿಗೆ ಅಂಟಿಕೊಂಡುಬಿಟ್ಟಿದೆ. (ಕೆಲಸ ಬಿಟ್ಟು ಊರಿಗೆ ಹೋಗಿ ತೋಟ ಮಾಡೋ ಕನಸು ಸಾಫ್ಟ್‌ವೇರಿನವರದ್ದು ಮಾತ್ರ ಅಂದ್ಕೊಂಡಿದ್ದೆ!)

ಅಲ್ಲಿಂದ ಜಪಾನಿಗೆ ಹೋಯ್ತು. ಹನ್ನೆರಡು-ಹದಿಮೂರನೇ ಶತಮಾನದ ಚಕ್ರವರ್ತಿ ಗೊ-ತೋಬಾನಿಗೆ ಈ ಹೂ ಅಂದರೆ ಪ್ರಾಣ. ಮುಂದೆ ಹದಿನಾರು ದಳದ ಸೇವಂತಿಗೆ ಅರಮನೆಯ ಲಾಂಛನವೇ ಆಯ್ತು. ಜಪಾನಿನ ಪಾಸ್‌ಪೋರ್ಟ್ ಮೇಲೆ ನೋಡಿ, ಅದೇ ಇದೆ. ಅದೇ ಜಪಾನಿನಲ್ಲಿ ಇವತ್ತು ಸಾವಿನ ಮನೆಯ ಪೀಠಕ್ಕೆ ಸಾಲಾಗಿ ಜೋಡಿಸುವುದೂ ಬಿಳಿ ಸೇವಂತಿಗೆಯನ್ನೇ. ಚೀನಾದಲ್ಲೂ ಈಗ ಬಿಳಿ, ಹಳದಿ ಸೇವಂತಿಗೆ ಗೋರಿಗೆ ಹೋಗುತ್ತೆ. ಒಂದೇ ದೇಶದಲ್ಲಿ ಒಂದೇ ಹೂವು ಸಿಂಹಾಸನಕ್ಕೂ ಶವಪೆಟ್ಟಿಗೆಗೂ ಆಗಬಹುದು ಅಂದಮೇಲೆ, ಹೂವಿನ ಒಳಗೇ ಅರ್ಥ ಇರುತ್ತೆ ಅನ್ನೋ ವಾದ ಅಲ್ಲಿಗೇ ಬಿತ್ತು.

ಯುರೋಪಿನಲ್ಲಿ ಈ ಹೂ ನೆಲೆ ಊರಿದ್ದು 1789ರಿಂದ ಈಚೆಗೆ. ಫ್ರೆಂಚ್ ಕ್ರಾಂತಿಯ ವರ್ಷವೇ! ಮಾರ್ಸೇಯ ವ್ಯಾಪಾರಿ ಪಿಯೇರ್-ಲೂಯಿ ಬ್ಲಾಂಕಾರ್ ಚೀನಾದಿಂದ ಮೂರು ತಳಿ ತಂದ. ಎರಡು ಸತ್ತವು, ನೇರಳೆ ಬಣ್ಣದ್ದೊಂದು ಬದುಕಿತು. ಇನ್ನೊಂದು ತಮಾಷೆ ಕೇಳಿ. ಹೊಸ ತಳಿ ಬೇಕಾದರೆ ಏಷ್ಯಾದಿಂದಲೇ ಗಿಡ ತರಿಸಬೇಕಿದ್ದ ಕಾಲದಲ್ಲಿ, 1820ರ ದಶಕದಲ್ಲಿ, ಬೀಜದಿಂದಲೇ ಹೊಸ ತಳಿ ಬೆಳೆಸಿದ್ದು ಬೆರ್ನೆ ಅನ್ನುವ ಒಬ್ಬ ನಿವೃತ್ತ ಸೈನ್ಯಾಧಿಕಾರಿ. ಎಲ್ಲಿಯವನು? ತುಲೂಸಿನವನು! ನಾನು ಕುಂಡ ಹೊತ್ತು ಪೆಚ್ಚಾದ ಊರು ಯುರೋಪಿನ ಸೇವಂತಿಗೆಗೆ ತವರು ಇದ್ದ ಹಾಗೆ. 1846ರಲ್ಲಿ ರಾಬರ್ಟ್ ಫಾರ್ಚೂನ್ ಚೀನಾದಿಂದ ತಂದ ಪುಟಾಣಿ ಹೂವಿನ ತಳಿಯೂ ಫ್ರಾನ್ಸಿನಲ್ಲೇ ಚೆನ್ನಾಗಿ ಬೆಳೆಯಿತು.

ಅಂದಹಾಗೆ ಲಿನೇಯಸ್ 1753ರಲ್ಲಿ ಒಂದು ಸೇವಂತಿಗೆಗೆ ಇಟ್ಟ ಹೆಸರು 'ಕ್ರೈಸಾಂಥಿಮಮ್ ಇಂಡಿಕಮ್'. ಗ್ರೀಕಿನಲ್ಲಿ ಹೊನ್ನ ಹೂವು ಅಂತ. ಹುಟ್ಟಿದ್ದು ಚೀನಾದಲ್ಲಿ, ಹೆಸರು ಮಾತ್ರ ಇಂಡಿಯಾದ್ದು.

* * *

ಹಾಗಾದರೆ ಫ್ರಾನ್ಸಿನಲ್ಲಿ ಅದು ಗೋರಿ ಸೇರಿದ್ದು ಹೇಗೆ? ಇದಕ್ಕೆ ಮೊದಲು ಗೋರಿ ಬೇಕಲ್ಲ! ತಮಾಷೆಯಲ್ಲ, ನಿಜವಾಗಿ ಹೇಳ್ತಿದ್ದೀನಿ. ಹದಿನೆಂಟನೇ ಶತಮಾನದ ಪ್ಯಾರಿಸ್ಸಿನಲ್ಲಿ ಬಡವರಿಗೆ ಸ್ವಂತದ ಗೋರಿ ಅನ್ನುವುದೇ ಇರಲಿಲ್ಲ. ದೊಡ್ಡ ಗುಂಡಿ ತೋಡೋದು, ಹೆಣದ ಮೇಲೆ ಹೆಣ ಹಾಕೋದು, ತುಂಬಿದ ಮೇಲೆ ಮುಚ್ಚೋದು. ಊರ ಮಧ್ಯದ 'ಇನೋಸಾಂ' ಸ್ಮಶಾನದಲ್ಲಿ ಶತಮಾನಗಟ್ಟಲೆ ಹೀಗೇ ನಡೆದು, 1780ರಲ್ಲಿ ಪಕ್ಕದ ಮನೆಯ ನೆಲಮಾಳಿಗೆಯ ಗೋಡೆ ಕುಸಿದು ಹೆಣಗಳು ಒಳಗೆ ಬಿದ್ದವು. ಸ್ಮಶಾನ ಮುಚ್ಚಿದರು. 1785ರ ಕೊನೆಯಿಂದ ಮೂಳೆಗಳನ್ನೆಲ್ಲ ರಾತ್ರಿ ಹೊತ್ತು ಗಾಡಿಯಲ್ಲಿ ಹೇರಿ ಹಳೆಯ ಕಲ್ಲುಗಣಿಗಳಿಗೆ ಸಾಗಿಸಿದರು. ಪ್ರವಾಸಿಗಳು ಟಿಕೆಟ್ ತಗೊಂಡು ನೋಡ್ತಿದ್ದ ಪ್ಯಾರಿಸ್ ಕ್ಯಾಟಕೂಂಬ್ ಅದೇ.

ಆಮೇಲೆ 1804ರ ಜೂನ್ 12ರಂದು ನೆಪೋಲಿಯನ್ ಸರ್ಕಾರದ ಒಂದು ಆದೇಶ ಬಂತು. ಊರೊಳಗೆ ಹೂಳುವಂತಿಲ್ಲ, ಸ್ಮಶಾನ ಊರ ಹೊರಗಿರಬೇಕು. ಒಂದು ಗುಂಡಿಗೆ ಒಂದೇ ಹೆಣ, ಗುಂಡಿಗಳ ನಡುವೆ ಇಷ್ಟಿಷ್ಟು ಜಾಗ. ಬೇಕಾದವರು ಜಾಗ ಕೊಂಡು ಕಲ್ಲು ನಿಲ್ಲಿಸಬಹುದು, ಗಿಡ ನೆಡಬಹುದು. ಓದೋಕೆ ಮುನಿಸಿಪಾಲಿಟಿ ಸುತ್ತೋಲೆ ಥರ ಇದೆ. ಆದರೆ ನನಗೆ ಇಡೀ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ಇದೇ. ಯಾರ ಅಪ್ಪ ಎಲ್ಲಿ ಮಲಗಿದ್ದಾನೆ ಅಂತ ಬೆರಳು ಮಾಡಿ ತೋರಿಸೋಕೆ ಆಗೋ ಹಾಗಾದ ಮೇಲೆಯೇ ಅಲ್ಲಿಗೆ ಹೂ ಒಯ್ಯೋದಕ್ಕೆ ಅರ್ಥ ಬಂತು.

ವಿಳಾಸ ಸಿಕ್ಕಿತು. ಹೋಗೋ ದಿನ ಮೊದಲೇ ಇತ್ತು. ನವೆಂಬರ್ 1 ಸಕಲ ಸಂತರ ಹಬ್ಬ. ಮರುದಿನ ನವೆಂಬರ್ 2, ಸತ್ತವರೆಲ್ಲರ ದಿನ. ಅದನ್ನು ಸಾವಿರ ವರ್ಷದ ಹಿಂದೆ ಕ್ಲೂನಿ ಮಠದ ಅಧಿಪತಿ ಓಡಿಲೋ ಶುರುಮಾಡಿದ. ಸರ್ಕಾರಿ ರಜೆ ಇರುವುದು ನವೆಂಬರ್ 1ಕ್ಕೆ, ಹಾಗಾಗಿ ಜನ ಅವತ್ತೇ ಸ್ಮಶಾನಕ್ಕೆ ಹೋಗಿಬರುತ್ತಾರೆ. ಅವರ ಮಹಾಲಯ ಅಮಾವಾಸ್ಯೆ ಅನ್ನಿ. ಮೊದಲೆಲ್ಲ ಗೋರಿಗೆ ಮೋಂಬತ್ತಿ ಹಚ್ಚುತ್ತಿದ್ದರು. ಹತ್ತೊಂಬತ್ತನೇ ಶತಮಾನದಲ್ಲಿ, ಒಣಗಿದರೂ ಬಣ್ಣ ಕೆಡದ 'ಇಮಾರ್ತೆಲ್' ಅನ್ನೋ ಹಳದಿ ಹೂವಿನ ವೃತ್ತ ಇಡೋರು. ಹೆಸರಿನ ಅರ್ಥವೇ 'ಸಾವಿಲ್ಲದ್ದು'. ಗಾಜಿನ ಮಣಿಗಳನ್ನು ತಂತಿಯಲ್ಲಿ ಪೋಣಿಸಿದ ವೃತ್ತಗಳೂ ಬಂದವು. ಬಾಡೋ ತಾಪತ್ರಯವೇ ಇಲ್ಲ ನೋಡಿ.

ಆದರೆ ಹಸಿ ಹೂವೇ ಬೇಕು ಅಂದರೆ? ನವೆಂಬರ್ ಒಂದಕ್ಕೆ ಫ್ರಾನ್ಸಿನಲ್ಲಿ ಗುಲಾಬಿ ಮುಗಿದಿರುತ್ತೆ, ಎಲೆಗಳೇ ಉದುರುತ್ತಿರುತ್ತವೆ. ಆ ಚಳಿಯಲ್ಲಿ, ಇಬ್ಬನಿ ಹೆಪ್ಪುಗಟ್ಟೋ ಹೊತ್ತಲ್ಲಿ, ಹಟ ಹಿಡಿದು ಅರಳಿ ನಿಲ್ಲೋದು ಸೇವಂತಿಗೆ ಒಂದೇ ಅಂದರೂ ತಪ್ಪಿಲ್ಲ. ಯಾಕೆ ಅಂತ ವಿಜ್ಞಾನಕ್ಕೆ ಗೊತ್ತಾಗಿದ್ದು 1920ರಲ್ಲಿ. ಅಮೆರಿಕದ ಕೃಷಿ ಇಲಾಖೆಯ ಗಾರ್ನರ್ ಮತ್ತು ಅಲಾರ್ಡ್ ಹೊಗೆಸೊಪ್ಪಿನ ಒಂದು ತಳಿ ಬೇಸಿಗೆಯಲ್ಲಿ ಹೂ ಬಿಡದೆ ಸತಾಯಿಸುತ್ತಿದ್ದುದರ ಹಿಂದೆ ಬಿದ್ದು, ಗಿಡಗಳು ಹಗಲು-ರಾತ್ರಿಯ ಉದ್ದವನ್ನು ಅಳೆಯುತ್ತವೆ ಅಂತ ತೋರಿಸಿದರು. ಸೇವಂತಿಗೆ ರಾತ್ರಿ ಉದ್ದವಾದರೆ ಮಾತ್ರ ಮೊಗ್ಗು ಕಟ್ಟೋ ಗಿಡ. ಕಂಡೀಷನ್ ಸರಿಯಾದರೆ ಟ್ರಿಗರ್, ಇಲ್ಲದಿದ್ದರೆ ಬರೀ ಎಲೆ. ಸತ್ತವರ ದಿನವನ್ನು ನವೆಂಬರಿಗೆ ಇಟ್ಟವರು ಯಾರೋ, ನವೆಂಬರಿಗೆ ಹೂ ಬಿಡೋ ಗಿಡ ಚೀನಾದಿಂದ ಬಂದದ್ದು ಎಷ್ಟೋ ಕಾಲದ ಮೇಲೆ. ಎರಡೂ ಒಂದೇ ವಾರದಲ್ಲಿ ಕೂಡಿದವು, ಅಷ್ಟೇ. ಈಗಂತೂ ಅಲ್ಲಿನ ಬೆಳೆಗಾರರು ಗಿಡಗಳಿಗೆ ಕಪ್ಪು ಪರದೆ ಎಳೆದು, ರಾತ್ರಿಯನ್ನು ತಾವೇ ಉದ್ದ ಮಾಡಿ, ಸರಿಯಾಗಿ ನವೆಂಬರ್ ಒಂದಕ್ಕೆ ಅರಳಿಸ್ತಾರೆ.

ನಮ್ಮ ಕಡೆ ಇದರ ಉಲ್ಟಾ ನೋಡಬಹುದು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ಮೇಲೆಲ್ಲ ಸಾಲು ಸಾಲು ಬಲ್ಬು ಉರಿಯೋದು ಕಂಡಿದ್ದೀರಾ? ಯಾವುದೋ ಜಾತ್ರೆ ಅಂತ ನಾನು ಬಹಳ ಕಾಲ ಅಂದ್ಕೊಂಡಿದ್ದೆ. ಸೇವಂತಿಗೆ ತೋಟ ಅವು. ಬೆಳಕು ಕೊಟ್ಟು ರಾತ್ರಿಯನ್ನು ತುಂಡು ಮಾಡಿದರೆ ಗಿಡ ಇನ್ನೂ ಬೇಸಿಗೆ ಅಂದುಕೊಂಡು ಹೂ ಬಿಡದೆ ಎತ್ತರಕ್ಕೆ ಬೆಳೆಯುತ್ತೆ. ಬೇಕಾದಾಗ ಬಲ್ಬು ಆರಿಸಿದರೆ ಮೊಗ್ಗು. ಅಲ್ಲಿ ಕತ್ತಲೆ ಕೊಟ್ಟು ಸ್ಮಶಾನಕ್ಕೆ, ಇಲ್ಲಿ ಬೆಳಕು ಕೊಟ್ಟು ಹಬ್ಬದ ಮಾರುಕಟ್ಟೆಗೆ.

1919ರ ನವೆಂಬರಿನ ಮಾತನ್ನೂ ಹೇಳಬೇಕು. ಮೊದಲ ಮಹಾಯುದ್ಧ ನಿಂತದ್ದು 1918ರ ನವೆಂಬರ್ 11ಕ್ಕೆ. ಫ್ರಾನ್ಸ್ ಸುಮಾರು 14 ಲಕ್ಷ ಸೈನಿಕರನ್ನು ಕಳಕೊಂಡಿತ್ತು. ಮರುವರ್ಷದ ಅದೇ ದಿನಕ್ಕೆ ಊರೂರಿನ ಸೈನಿಕರ ಸಮಾಧಿಗಳಿಗೆ ಜನ ಹೂ ಒಯ್ದರು. ನವೆಂಬರಿನಲ್ಲಿ ಸಿಗೋದು ಯಾವ ಹೂ? ಪದ್ಧತಿ ಶುರುವಾದದ್ದೇ ಆಗ ಅಂತ ಎಲ್ಲ ಕಡೆ ಬರೆದಿರುತ್ತಾರೆ. ಅದು ಪೂರ್ತಿ ಸರಿಯಲ್ಲ, ಗೋರಿಗೆ ಸೇವಂತಿಗೆ ಒಯ್ಯೋದು ಹಿಂದಿನ ಶತಮಾನದಲ್ಲೇ ಬಂದಿತ್ತು. ಆದರೆ ಅಷ್ಟೊಂದು ಮನೆಗಳಲ್ಲಿ ಒಟ್ಟಿಗೆ ಸಾವಾದಾಗ ಮೊದಲು ಕೆಲವರ ರೂಢಿಯಾಗಿದ್ದದ್ದು ಎಲ್ಲರದ್ದೂ ಆಯ್ತು. ಆಮೇಲೆ ಆ ಹೂವಿಗೆ ಬೇರೆ ಅರ್ಥ ಉಳಿಯಲಿಲ್ಲ.

ಅದಕ್ಕೆ ಮುಂಚೆ ಬೇರೆ ಅರ್ಥ ಇತ್ತು ಅನ್ನೋದಕ್ಕೆ ಸಾಕ್ಷಿ ಬೇಕಾದಷ್ಟಿದೆ. 1887ರಲ್ಲಿ ಪಿಯೇರ್ ಲೋತಿ ಬರೆದ ಜನಪ್ರಿಯ ಕಾದಂಬರಿಯ ನಾಯಕಿ ಜಪಾನಿನ ಹುಡುಗಿ, ಕಾದಂಬರಿಯ ಹೆಸರೇ 'ಮದಾಮ್ ಕ್ರಿಸಾಂತೆಮ್'. ಪ್ರೂಸ್ತನ ಕಾದಂಬರಿಯಲ್ಲಿ ಓದೆತ್ ಅನ್ನೋ ಶೋಕಿಯ ಹೆಂಗಸಿನ ಮನೆ ತುಂಬ ಸೇವಂತಿಗೆ. ಆಗ ಅದು ಜಪಾನಿನ ಫ್ಯಾಶನ್. ಹೂವಿನ ಅರ್ಥಕೋಶಗಳ ಕಾಲವೂ ಅದೇ. 1819ರಲ್ಲಿ ಶಾರ್ಲೆಟ್ ದ ಲತೂರ್ ಅನ್ನೋ ಹೆಸರಿನಲ್ಲಿ ಪ್ಯಾರಿಸ್ಸಿನಲ್ಲಿ ಬಂದ 'ಹೂಗಳ ಭಾಷೆ' ಪುಸ್ತಕದಿಂದ ಈ ಹುಚ್ಚು ಹತ್ತಿ, 1884ರ ಕೇಟ್ ಗ್ರೀನವೇ ಪುಸ್ತಕದ ತನಕ ಇಂಗ್ಲೆಂಡಿನಲ್ಲೂ ಹಬ್ಬಿತು. ಗ್ರೀನವೇ ಪ್ರಕಾರ ಕೆಂಪು ಸೇವಂತಿಗೆ ಅಂದರೆ ಪ್ರೀತಿಸ್ತೀನಿ ಅಂತ, ಬಿಳಿ ಅಂದರೆ ಸತ್ಯ, ಹಳದಿ ಅಂದರೆ ತಿರಸ್ಕಾರಕ್ಕೊಳಗಾದ ಪ್ರೇಮ. ಸಾವಿನ ಸುದ್ದಿಯೇ ಇಲ್ಲ! ದುಃಖ ಅಂತ ಬರೆದಿರೋದು ಮಾರಿಗೋಲ್ಡ್ ಎದುರಿಗೆ. ಯುರೋಪಿನ ಹಳೆಯ ಮಾರಿಗೋಲ್ಡ್ ಬೇರೆ ಗಿಡ ಬಿಡಿ. ಫ್ರೆಂಚಿನಲ್ಲಿ ಅದರ ಹೆಸರು 'ಸುಸಿ', ಚಿಂತೆಗೂ ಅದೇ ಶಬ್ದ. ಶಬ್ದದ ದೆಸೆಯಿಂದ ಹೂವಿಗೆ ಅಳುಮುಂಜಿ ಅನ್ನೋ ಹೆಸರು.

ನಮ್ಮ ಚೆಂಡುಹೂವಿನ ಕಥೆ ಇನ್ನೂ ಸ್ವಾರಸ್ಯ. ಅದು ಮೆಕ್ಸಿಕೋದ್ದು. ಅಲ್ಲಿ ನವೆಂಬರ್ 1, 2ರಂದು ಸತ್ತವರು ಮನೆಗೆ ದಾರಿ ಕಂಡು ಬರಲಿ ಅಂತ ಅದರ ಎಸಳನ್ನು ದಾರಿಯುದ್ದಕ್ಕೂ ಚೆಲ್ಲುತ್ತಾರೆ. ಯುರೋಪಿನವರ ಹಡಗುಗಳು ಅಮೆರಿಕ ತಲುಪುವ ಮೊದಲು ಅದು ಇಲ್ಲಿ ಇರಲೇ ಇಲ್ಲ. ಈಗ ಅದಿಲ್ಲದೆ ನಮ್ಮ ಆಯುಧಪೂಜೆ ಆಗಲ್ಲ. ಅವರ ಪಿತೃಗಳ ಹೂವು ನಮ್ಮ ಲಾರಿಯ ಮೂತಿಗೆ.

ಫ್ರೆಂಚರಲ್ಲಿ ಈಗ ಒಂದು ನುಡಿಗಟ್ಟೂ ಇದೆ. ಅಧಿಕಾರ ಏನೂ ಇಲ್ಲದೆ ರಿಬ್ಬನ್ ಕತ್ತರಿಸೋಕೆ ಮಾತ್ರ ಇರುವ ಅಧ್ಯಕ್ಷನಿಗೆ 'ಸೇವಂತಿಗೆ ಉದ್ಘಾಟಿಸೋನು' ಅಂತಾರೆ. 1965ರ ಪತ್ರಿಕಾಗೋಷ್ಠಿಯಲ್ಲಿ ಡಿಗಾಲ್, ನಾನು ಅಂಥವನಲ್ಲ ಅನ್ನೋಕೆ ಈ ಮಾತನ್ನೇ ಬಳಸಿದ್ದು. ಇದನ್ನು ಮ್ಯಾನೇಜರುಗಳಿಗೂ ಬಳಸಬಹುದು, ನೀವೇ ನೋಡಿ :-)

* * *

ಬುಧವಾರ ಹೋದೆ. ತೆರ್-ಕಬಾದ್ ಅಂತ ಗುಡ್ಡದ ಮೇಲಿನ ಸ್ಮಶಾನ, 1840ರದ್ದು. ಬಾಗಿಲಲ್ಲಿ ಈಜಿಪ್ಟಿನ ಥರದ ಎರಡು ಕಲ್ಲುಕಂಬ. ಒಳಗೆ ನಮ್ಮ ಬಸವನಗುಡಿ ಪರಿಷೆಯಷ್ಟು ಜನ. ಎಲ್ಲರ ಕೈಯಲ್ಲೂ ಸೇವಂತಿಗೆ ಕುಂಡ. ಅಷ್ಟು ಬಣ್ಣದ ಸ್ಮಶಾನ ನಾನು ಕಂಡಿರಲಿಲ್ಲ. ಆ ತಾಯಿ ಒಂದು ಬ್ರಶ್ಶು, ನೀರಿನ ಬಾಟಲಿ ತಂದಿದ್ದರು. ಕಲ್ಲನ್ನು ಉಜ್ಜಿ ತೊಳೆದು, ಪಾಚಿ ಕೆರೆದು, ಕುಂಡವನ್ನು ಎಡಕ್ಕೆ ಇಟ್ಟು, ನೋಡಿ, ಬಲಕ್ಕೆ ಸರಿಸಿದರು. ಆಮೇಲೆ ಕಲ್ಲಿನ ಕಡೆ ತಿರುಗಿ ಏನೋ ಹೇಳಿದರು. ಗೆಳೆಯ ಮೆಲ್ಲಗೆ ಅನುವಾದಿಸಿದ: "ಇದನ್ನು ಇಂಡಿಯಾದ ಹುಡುಗ ತಂದದ್ದು, ನಮ್ಮ ಹೆಣ್ಣುಮಕ್ಕಳು ತಲೆಗೆ ಇಟ್ಕೊಳ್ಳೋ ಹೂವು ಅಂತಾನೆ ಅಂತ ಅಪ್ಪನಿಗೆ ಹೇಳ್ತಿದ್ದಾಳೆ."

ನನಗೆ ಅಲ್ಲಿ ನೆನಪಾದದ್ದು ಅಜ್ಜಿ.

ಅಜ್ಜಿಯ ಊರು ತಿಪಟೂರಿನ ಹತ್ತಿರ. ಹಿತ್ತಿಲು ತುಂಬ ಸೇವಂತಿಗೆ ಬೆಳೆಯೋಳು. ತಾತ ಹೋದಾಗ ಅವಳಿಗೆ ಮೂವತ್ತನಾಲ್ಕು. ಆಮೇಲಿನ ನಲವತ್ತೈದು ವರ್ಷ ಒಂದು ದಿನ ಹೂ ಮುಡಿಯಲಿಲ್ಲ. ಬೆಳಿಗ್ಗೆ ಎದ್ದು ಬಿಡಿಸಿ, ಬಾಳೆನಾರಿನಲ್ಲಿ ಕಟ್ಟಿ, ದೇವರಿಗೆ ಒಂದು ಮೊಳ ಇಟ್ಟು, ಉಳಿದದ್ದನ್ನು ಬೀದಿಯ ಹೆಣ್ಣುಮಕ್ಕಳಿಗೆಲ್ಲ ಹಂಚೋಳು. ಅವಳ ಬೆರಳು ಕಟ್ಟೋ ವೇಗ ನೋಡೋಕೇ ನಾವು ಕೂರುತ್ತಿದ್ದೆವು. ನೀನ್ಯಾಕೆ ಮುಡಿಯಲ್ಲ ಅಂತ ಚಿಕ್ಕವನಿದ್ದಾಗ ಕೇಳಿದ್ದೆ. "ನಂಗೆ ಅದರ ಘಾಟು ತಲೆನೋವು ಬರುತ್ತೆ ಕಣೋ" ಅಂದಿದ್ದಳು. ನಂಬಿದ್ದೆ.

ವಿಧವೆಯರ ಮರುಮದುವೆಗೆ ಕಾನೂನು ಬಂದದ್ದು 1856ರಲ್ಲಿ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅನ್ನೋ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರದ್ದು, ವಿಷಯ ಇದೇ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂತು, ಪ್ರೇಮಾ ಕಾರಂತರು ಅದನ್ನು ಸಿನಿಮಾ ಮಾಡಿದರು. ಇಷ್ಟೆಲ್ಲ ಆಗಿ, ಸಾವಿನ ಹೂವಿನ ಅರ್ಥ ಹುಡುಕಿ ಚೀನಾ, ಜಪಾನ್ ಎಲ್ಲ ಸುತ್ತಿದ ನಾನು, ನಮ್ಮನೆ ಹಿತ್ತಿಲ ಹೂವಿನ ಅರ್ಥ ಏನು ಅಂತ ಕೇಳಿದ್ದು ಒಂದೇ ಸಲ. ಅದೂ ಸುಳ್ಳು ಉತ್ತರಕ್ಕೆ ಸುಮ್ಮನಾಗಿದ್ದೆ. ಫ್ರಾನ್ಸಿನಲ್ಲಿ ಹೂವು ಸತ್ತವನ ಕಡೆಗೆ ಹೋಯ್ತು. ನಮ್ಮಲ್ಲಿ ಸತ್ತವನ ಕಾರಣಕ್ಕೆ ಬದುಕಿದ್ದವಳಿಂದ ದೂರ ಹೋಯ್ತು.

ಅಜ್ಜಿ ತೀರಿಕೊಂಡದ್ದು 2015ರ ಜನವರಿಯಲ್ಲಿ. ನಾನಾಗ ಇಂಜಿನಿಯರಿಂಗ್ ಓದ್ತಿದ್ದೆ. ಹಾರ ತರೋಕೆ ನನ್ನನ್ನೂ ಚಿಕ್ಕಪ್ಪನ ಮಗನನ್ನೂ ಬೈಕಿನಲ್ಲಿ ಪೇಟೆಗೆ ಕಳಿಸಿದರು. ಹೂವಿನಂಗಡಿಯವನು ತೂಗುಹಾಕಿದ್ದ ದೊಡ್ಡ ಸೇವಂತಿಗೆ ಹಾರ ಇಳಿಸುತ್ತ "ಸನ್ಮಾನಕ್ಕೋ, ಬೇರೆಗೋ?" ಅಂತ ಕೇಳಿದ. ಬೇರೆಗೆ ಅಂದೆ. ಮಾತಾಡದೆ ಹಾರದ ಜರಿಯನ್ನೆಲ್ಲ ಕಿತ್ತುಹಾಕಿ ಕೊಟ್ಟ. ಚೌಕಾಸಿ ನಾವೂ ಮಾಡಲಿಲ್ಲ, ಅವನೂ ಹೆಚ್ಚಿಗೆ ಕೇಳಲಿಲ್ಲ.

ಹಾರ ಹಾಕಿದೆವು. ನಲವತ್ತೈದು ವರ್ಷದ ಮೇಲೆ ಅಜ್ಜಿಯ ಮೈಮೇಲೆ ಹೂ ಬಿದ್ದದ್ದು ಅವತ್ತೇ. ಎದೆ ತುಂಬ ಸೇವಂತಿಗೆ. ಆಗ ದೊಡ್ಡತ್ತೆ ಹಾರದಿಂದ ಒಂದು ಹೂ ಕಿತ್ತು ಅಜ್ಜಿಯ ಕಿವಿಯ ಮೇಲೆ, ಕೂದಲಿಗೆ ಸಿಕ್ಕಿಸೋಕೆ ಹೋದಳು. ಹಿರಿಯರೊಬ್ಬರು "ಏ, ತಲೆಗೆ ಬೇಡಮ್ಮ, ಪದ್ಧತಿ ಅಲ್ಲ" ಅಂದರು. ಜೋರಾಗೇನೂ ಅನ್ನಲಿಲ್ಲ. ದೊಡ್ಡತ್ತೆ ಸುತ್ತ ನೋಡಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ನನ್ನನ್ನೂ ನೋಡಿದಳು. ನಾನು ಏನೂ ಹೇಳಲಿಲ್ಲ. ಹೂ ಅವಳ ಮುಷ್ಟಿಯಲ್ಲೇ ಉಳಿಯಿತು. ಚಟ್ಟ ಎತ್ತಿ, ಮಂಡಕ್ಕಿ, ಚಿಲ್ಲರೆ ಎರಚುತ್ತ, ಹೂವಿನ ಎಸಳು ಉದುರಿಸುತ್ತ ತೋಟದ ಕಡೆ ಹೋದೆವು.

ತುಲೂಸಿನ ಸ್ಮಶಾನದಿಂದ ರೂಮಿಗೆ ಬಂದ ರಾತ್ರಿ ದೊಡ್ಡತ್ತೆಗೆ ಫೋನ್ ಮಾಡಬೇಕು ಅನ್ನಿಸ್ತು. ಅಲ್ಲಿ ನಡುರಾತ್ರಿ ಆಗಿತ್ತು, ಬೆಳಿಗ್ಗೆ ಮಾಡಿದೆ. ಕುಂಡ ಒಯ್ದು ಪೆಚ್ಚಾದ ಕಥೆ ಹೇಳಿದೆ, ಬಿದ್ದು ಬಿದ್ದು ನಕ್ಕಳು. ಗೋರಿಯ ಹತ್ತಿರ ಆ ತಾಯಿ ಮಾತಾಡಿದ್ದನ್ನು ಹೇಳಿದೆ, ಸುಮ್ಮನಾದಳು. ಅಜ್ಜಿಗೆ ಅವತ್ತು ಹೂ ಮುಡಿಸೋಕೆ ನಾನು ಹೇಳಬೇಕಿತ್ತು ಅತ್ತೆ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ಅವಳೇ ಕೇಳಿದಳು:

"ಅಲ್ವೋ, ಅಲ್ಲಿ ಗಂಡ ಹೋದೋರು ಹೂ ಮುಡೀತಾರಾ?"

"ಅಲ್ಲಿ ಯಾರೂ ಮುಡಿಯೋದೇ ಇಲ್ಲ ಅತ್ತೆ."

"ಯಾರೂನಾ?"

"ಯಾರೂ ಇಲ್ಲ."

ಸ್ವಲ್ಪ ಹೊತ್ತು ಯೋಚನೆ ಮಾಡಿದಳು ಅಂತ ಕಾಣುತ್ತೆ. "ಮತ್ತೆ ಅಷ್ಟೊಂದು ಸೇವಂತಿಗೆ ಇಟ್ಕೊಂಡು ಏನ್ಮಾಡ್ತಾರೋ, ಪಾಪ" ಅಂದಳು.